‘ಮ್ಯಾಂಚೆಸ್ಟರ್ ಬೈ ದ ಸೀ’: ಇದು ಪ್ರಾಮಾಣಿಕ ದುಃಖವೋ, ನಮ್ಮನ್ನು ಅಳಿಸಲೆಂದೇ ಮಾಡಿದ ಸಿನಿಮಾವೋ?

ಕೊನೆಸಾಲಿನ ಸೀಟು ಕೇಳಿದ್ದು:

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕಥೆ ಪೂರ್ತಿ ಬಯಲಾಗುತ್ತದೆ. ನೋಡದವರು ನೋಡಿಕೊಂಡು ಬನ್ನಿ.

2016ರ ಸಿನಿಮಾ, ನಾನು ನೋಡಿದ್ದು ಮೊನ್ನೆ. ಕೆನೆತ್ ಲೊನರ್ಗನ್ ಬರೆದು ನಿರ್ದೇಶಿಸಿದ್ದು. ಲೀ ಚಾಂಡ್ಲರ್ ಅನ್ನುವವನು ಬಾಸ್ಟನ್ ಪಕ್ಕದ ಕ್ವಿನ್ಸಿಯಲ್ಲಿ ಅಪಾರ್ಟ್‌ಮೆಂಟ್‌ಗಳ ಚಿಲ್ಲರೆ ಕೆಲಸ ಮಾಡಿಕೊಂಡಿದ್ದಾನೆ. ಕಕ್ಕಸು ಕಟ್ಟಿಕೊಂಡರೆ ಬಿಡಿಸುವುದು, ನಲ್ಲಿ ಸರಿಮಾಡುವುದು, ಬಾಗಿಲ ಮುಂದಿನ ಹಿಮ ಎತ್ತುವುದು. ಇರುವುದು ನೆಲಮಾಳಿಗೆಯ ಒಂದೇ ಕೋಣೆಯಲ್ಲಿ. ಅಣ್ಣ ಜೋ ಹೃದಯದ ಕಾಯಿಲೆಯಿಂದ ಸಾಯುತ್ತಾನೆ, ಹದಿನಾರು ವರ್ಷದ ಮಗ ಪ್ಯಾಟ್ರಿಕ್‌ನನ್ನು ತಮ್ಮನೇ ನೋಡಿಕೊಳ್ಳಬೇಕು ಅಂತ ವಿಲ್ ಬರೆದಿಟ್ಟಿದ್ದಾನೆ. ಅಣ್ಣ ಇದ್ದದ್ದು ಮ್ಯಾಂಚೆಸ್ಟರ್ ಬೈ ದ ಸೀ ಅನ್ನುವ ಕಡಲತೀರದ ಊರಲ್ಲಿ. ಲೀಗೆ ಆ ಊರಲ್ಲಿ ಕಾಲಿಡುವುದೇ ಕಷ್ಟ. ಕೆಲವು ವರ್ಷಗಳ ಹಿಂದೆ ಅಲ್ಲೇ, ಕುಡಿದ ಮತ್ತಿನಲ್ಲಿ ಬೆಂಕಿಗೂಡಿಗೆ ಸೌದೆ ಹಾಕಿ, ಮುಂದಿನ ಜಾಲರಿ ಇಡುವುದನ್ನು ಮರೆತು, ಬಿಯರ್ ತರಲು ಅಂಗಡಿಗೆ ನಡೆದುಹೋಗಿದ್ದ. ವಾಪಸ್ ಬರುವಷ್ಟರಲ್ಲಿ ಮನೆ ಉರಿಯುತ್ತಿತ್ತು. ಮೂವರು ಮಕ್ಕಳು ಹೋದರು. ಹೆಂಡತಿ ರ‍್ಯಾಂಡಿ ಮಾತ್ರ ಉಳಿದಳು.

ಸಿನಿಮಾ ನೋಡಿದ ಮೇಲೆ ಹಳೆಯ ವಿಮರ್ಶೆಗಳನ್ನೆಲ್ಲ ಹುಡುಕಿ ಓದಿದೆ. ಹೊಗಳಿಕೆಯ ಹೊಳೆ. ವಿಮರ್ಶಕರ ಅಂಕಗಳ ಸರಾಸರಿ ಕೊಡುವ ಮೆಟಾಕ್ರಿಟಿಕ್ ತಾಣದಲ್ಲಿ ನೂರಕ್ಕೆ 96. ಆರು ಆಸ್ಕರ್ ನಾಮಿನೇಶನ್, ಎರಡು ಗೆಲುವು: ನಟನೆಗೆ ಲೀ ಪಾತ್ರ ಮಾಡಿದ ಕೇಸಿ ಆಫ್ಲೆಕ್, ಚಿತ್ರಕಥೆಗೆ ಲೊನರ್ಗನ್. ಆದರೆ ಒಪ್ಪದವರೂ ಇದ್ದಾರೆ, ಅವರ ಮಾತೇ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಬೆಂಕಿಯ ದೃಶ್ಯಕ್ಕೆ ಹಾಕಿದ ಸಂಗೀತ ಅತಿಯಾಯಿತು ಅನ್ನುವವರು ಕೆಲವರು. ಹೆಂಗಸರಿಗೆ ಜಾಗವೇ ಕೊಟ್ಟಿಲ್ಲ ಅನ್ನುವವರು ಇನ್ನು ಕೆಲವರು. ಎರಡು ಗಂಟೆ ಹದಿನೇಳು ನಿಮಿಷ ನಮ್ಮನ್ನು ಕೂರಿಸಿ, ಕೊನೆಗೆ ಲೀ ಎಲ್ಲಿದ್ದನೋ ಅಲ್ಲೇ ಬಿಟ್ಟು ಹೋದರೆ ಇದರಿಂದ ಏನು ಬಂತು ಅನ್ನುವುದು ಸಾಮಾನ್ಯ ಪ್ರೇಕ್ಷಕರು ಬರೆದಿದ್ದರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಂಡ ದೂರು.

ನನಗೂ ಕೊನೆ ನೋಡಿ ಒಂಥರಾ ಸಿಟ್ಟು ಬಂತು. ಅಣ್ಣನ ಮಗ ಎದುರಿಗೆ ಕೂತು, ನೀನು ಇಲ್ಲೇ ಯಾಕೆ ಇರಬಾರದು ಅಂತ ಕೇಳುತ್ತಾನೆ. ಇವನು, ನನ್ನ ಕೈಲಿ ಆಗುತ್ತಿಲ್ಲ ಅನ್ನುತ್ತಾನೆ. ಅಷ್ಟೇ. ದೊಡ್ಡವನಾದವನು ಒಬ್ಬ ಹುಡುಗನಿಗೋಸ್ಕರ ಅಷ್ಟೂ ಮಾಡಬಾರದಾ? ಇದನ್ನು ಧೈರ್ಯದ ಕೊನೆ ಅಂತ ವಿಮರ್ಶಕರು ಬರೆದದ್ದು ನನಗೆ ಹಿಡಿಸಲಿಲ್ಲ. ಇಲ್ಲಿ ನೋಡಿದವರು ಏನಂತೀರಿ? ಸುಮ್ನೆ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನದೆ ಯಾಕೆ ಅಂತ ಹೇಳಿ.

ರಾತ್ರಿಪಾಳಿ:

ಸಂಗೀತದಿಂದ ಶುರು ಮಾಡುತ್ತೇನೆ, ಯಾಕೆಂದರೆ ಆ ದೂರಿನಲ್ಲಿ ಅರ್ಧ ಹುರುಳಿದೆ.

ಬೆಂಕಿಯ ದೃಶ್ಯಕ್ಕೆ ಹಾಕಿರುವುದು ಜಿ ಮೈನರ್‌ನ ಅಡಾಜಿಯೊ, ಅಂದರೆ ನಿಧಾನಗತಿಯ ಒಂದು ಪಾಶ್ಚಾತ್ಯ ಶಾಸ್ತ್ರೀಯ ರಚನೆ. ಆಲ್ಬಿನೋನಿ ಅನ್ನುವ ಹಳೆಯ ಇಟಾಲಿಯನ್ ಸಂಗೀತಗಾರನ ಹೆಸರಿನಲ್ಲಿ ಓಡಾಡುತ್ತದೆ, ಆದರೆ ಅದನ್ನು 1958ರಲ್ಲಿ ಪ್ರಕಟಿಸಿದ್ದು ರೆಮೊ ಜಿಯಾಜೊಟ್ಟೊ ಅನ್ನುವ ಸಂಗೀತ ವಿದ್ವಾಂಸ, ಬಹುಮಟ್ಟಿಗೆ ಅವನದೇ ರಚನೆ ಅಂತ ಈಗ ಒಪ್ಪಿಕೊಂಡಿದ್ದಾರೆ. ಸಿನಿಮಾ, ಟಿವಿ, ಶವಸಂಸ್ಕಾರ ಅಂತ ಎಲ್ಲ ಕಡೆ ಬಳಸಿ ಬಳಸಿ ಸವೆದುಹೋದ ತುಣುಕು. ಅದು ಶುರುವಾದರೆ ಸಾಕು, ಈಗ ಅಳಬೇಕು ಅಂತ ಯಾರೋ ಹೇಳಿದ ಹಾಗೆ ಆಗುತ್ತದೆ. ಅಷ್ಟು ಹೊತ್ತು ಒಂದು ಮಾತನ್ನೂ ಒತ್ತಿ ಹೇಳದ ನಿರ್ದೇಶಕ ಇಲ್ಲಿ ಯಾಕೆ ಹೀಗೆ ಗಟ್ಟಿಯಾಗಿ ಹೇಳಿದ ಅನ್ನುವುದು ಆ ವಿಮರ್ಶಕರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಆದರೆ ಆ ದೃಶ್ಯವನ್ನು ಇನ್ನೊಮ್ಮೆ ನೋಡಿ, ಈ ಸಲ ಬೆಂಕಿ ನೋಡಬೇಡಿ, ಸ್ಟ್ರೆಚರ್ ನೋಡಿ. ರ‍್ಯಾಂಡಿಯನ್ನು ಆಂಬುಲೆನ್ಸ್‌ಗೆ ಹತ್ತಿಸುವಾಗ ಸ್ಟ್ರೆಚರ್‌ನ ಕಾಲು ಮಡಚಿಕೊಳ್ಳುವುದಿಲ್ಲ. ಇಬ್ಬರು ತಳ್ಳುತ್ತಾರೆ, ತಡೆಯುತ್ತದೆ, ಹಿಂದಕ್ಕೆ ಎಳೆದು ಮತ್ತೆ ತಳ್ಳುತ್ತಾರೆ. ಜಗತ್ತೇ ಮುಗಿದುಹೋದ ಗಳಿಗೆಯಲ್ಲಿ ಒಂದು ತಗಡಿನ ಕಾಲು ಕೈಕೊಡುತ್ತದೆ. ಮೇಲೆ ಸಂಗೀತ ಉಬ್ಬುತ್ತಿದೆ, ಕೆಳಗೆ ಈ ಒದ್ದಾಟ. ಈ ಎರಡೂ ಒಟ್ಟಿಗೆ ಇರುವುದರಿಂದಲೇ ನನಗೆ ಅದು ಅಗ್ಗ ಅನಿಸಲಿಲ್ಲ. ಅಡಾಜಿಯೊ ಒಂದೇ ಇದ್ದಿದ್ದರೆ ಖಂಡಿತ ಅನಿಸುತ್ತಿತ್ತು.

ಅದಾದ ಮೇಲೆ ಪೊಲೀಸ್ ಠಾಣೆ. ಅಲ್ಲಿ ಸಂಗೀತ ಇಲ್ಲ. ಟ್ಯೂಬ್‌ಲೈಟ್ ಕೆಳಗೆ ಇಬ್ಬರು ಪೊಲೀಸರು ಸಮಾಧಾನದಿಂದಲೇ ಪ್ರಶ್ನೆ ಕೇಳುತ್ತಾರೆ, ಲೀ ಎಲ್ಲವನ್ನೂ ಒಪ್ಪಿಸುತ್ತಾನೆ, ಅವರು ಸರಿ, ನೀನು ಹೋಗಬಹುದು ಅನ್ನುತ್ತಾರೆ. ಇವನಿಗೆ ಅರ್ಥವೇ ಆಗುವುದಿಲ್ಲ. ಹೋಗಬಹುದಾ? ಅಷ್ಟೇನಾ? ಹೊರಗೆ ಬರುತ್ತಿದ್ದ ಹಾಗೆ ಒಬ್ಬ ಪೊಲೀಸನ ಪಿಸ್ತೂಲು ಕಿತ್ತುಕೊಂಡು ತನ್ನ ತಲೆಗೇ ಹಿಡಿಯುತ್ತಾನೆ. ಸಿನಿಮಾದ ನಿಜವಾದ ನಡುಮಧ್ಯ ಇದು ಅಂತ ನನ್ನ ಅಭಿಪ್ರಾಯ, ಬೆಂಕಿ ಅಲ್ಲ.

ಇನ್ನೊಂದು ವಿಷಯ. ಚಿತ್ರಕ್ಕೆ ಸ್ವಂತ ಸಂಗೀತ ಮಾಡಿದವರು ಲೆಸ್ಲಿ ಬಾರ್ಬರ್. ಕೋರಸ್ ದನಿಗಳಿರುವ ತುಂಬ ಒಳ್ಳೆಯ ಕೆಲಸ. ಆದರೆ ಹಳೆಯ ಶಾಸ್ತ್ರೀಯ ತುಣುಕುಗಳು ಜಾಸ್ತಿ ಇವೆ ಅಂತ ಆಸ್ಕರ್‌ನವರು ಅದನ್ನು ಸ್ಪರ್ಧೆಗೇ ಸೇರಿಸಿಕೊಳ್ಳಲಿಲ್ಲ. ಅಡಾಜಿಯೊದ ಗಲಾಟೆಯಲ್ಲಿ ಅವರ ಹೆಸರನ್ನು ಯಾರೂ ಎತ್ತದೇ ಇರುವುದು ನನಗೆ ಬೇಸರ.

ಹಿಮದೂರಿನ ಕನ್ನಡತಿ:

ನಾನು ಬಾಸ್ಟನ್‌ನ ಉತ್ತರಕ್ಕೆ ಇರುವವಳು, ಆ ಊರಿಗೆ ಹೋಗಿಬಂದಿದ್ದೇನೆ. ಊರಿನ ಹೆಸರು ಮೊದಲು ಬರೀ ಮ್ಯಾಂಚೆಸ್ಟರ್, 1989ರಲ್ಲಿ ಊರವರೇ ಅಧಿಕೃತವಾಗಿ ಮ್ಯಾಂಚೆಸ್ಟರ್-ಬೈ-ದ-ಸೀ ಅಂತ ಬದಲಾಯಿಸಿಕೊಂಡರು. ಬಾಸ್ಟನ್‌ನಿಂದ ರಾಕ್‌ಪೋರ್ಟ್ ಕಡೆಯ ಲೋಕಲ್ ರೈಲು ಹತ್ತಿದರೆ ನೇರ ಊರೊಳಗೇ ಇಳಿಯಬಹುದು. ಸಿಂಗಿಂಗ್ ಬೀಚ್ ಅಂತ ಒಂದಿದೆ, ಒಣ ಮರಳಿನ ಮೇಲೆ ಕಾಲೆಳೆದು ನಡೆದರೆ ಕಿರ್ ಅಂತ ಸದ್ದು ಬರುತ್ತದೆ. ಸಿನಿಮಾದಲ್ಲಿ ಕಾಣುವುದಕ್ಕಿಂತ ತುಂಬ ಸಿರಿವಂತರ ಊರು. ಮೀನು ಹಿಡಿಯುವ, ಕೈಕೆಲಸ ಮಾಡುವ ಜನರ ಬದುಕು ನೋಡಬೇಕಾದರೆ ಪಕ್ಕದ ಗ್ಲಾಸ್ಟರ್‌ಗೆ ಹೋಗಬೇಕು. ಚಿತ್ರೀಕರಣವೂ ಗ್ಲಾಸ್ಟರ್, ಬೆವರ್ಲಿ ಅಂತ ಸುತ್ತಮುತ್ತ ಊರುಗಳಲ್ಲೆಲ್ಲ ಹಂಚಿಹೋಗಿದೆ. ಇದು ದೂರಲ್ಲ, ಗೊತ್ತಿರಲಿ ಅಂತ ಹೇಳಿದೆ.

ನಾನು ಹೇಳಬೇಕೆಂದಿದ್ದು ಜೋನ ಹೆಣದ ಬಗ್ಗೆ. ನಮ್ಮವರು ತುಂಬ ಜನ ಆ ಭಾಗ ಎಳೆದಾಡಿದ್ದಾರೆ ಅಂದರು. ನಮ್ಮಲ್ಲಿ ಸತ್ತ ದಿನವೋ ಮಾರನೇ ದಿನವೋ ಎತ್ತಿಬಿಡುತ್ತೇವೆ. ಹನ್ನೊಂದು, ಹದಿಮೂರು ಅಂತ ದಿನಗಳು ಹೇಗೋ ತುಂಬುತ್ತವೆ, ಮನೆಯಲ್ಲಿ ಜನ ಇರುತ್ತಾರೆ, ಏನಾದರೂ ಒಂದು ಕೆಲಸ ಇರುತ್ತದೆ. ಇಲ್ಲಿ ಚಳಿಗಾಲದಲ್ಲಿ ನೆಲ ಕಲ್ಲಿನ ಹಾಗೆ ಗಟ್ಟಿಯಾಗಿಬಿಡುತ್ತದೆ. ಹಿಂದೆ ಗುಂಡಿ ತೋಡುವುದಕ್ಕೇ ಆಗುತ್ತಿರಲಿಲ್ಲ. ನ್ಯೂ ಇಂಗ್ಲೆಂಡ್ ಅನ್ನುವ ಈ ಈಶಾನ್ಯ ಅಮೆರಿಕದ ಹಳೆಯ ಸ್ಮಶಾನಗಳಲ್ಲಿ ಗುಡ್ಡದ ಬದಿಗೆ ಕಲ್ಲಿನ ಕೋಣೆಗಳು ಈಗಲೂ ಕಾಣುತ್ತವೆ, ಚಳಿಗಾಲದಲ್ಲಿ ಸತ್ತವರನ್ನು ವಸಂತ ಬರುವ ತನಕ ಅದರಲ್ಲಿ ಇಡುತ್ತಿದ್ದರು. ಈಗ ಯಂತ್ರಗಳಿವೆ, ಆದರೂ ಕೆಲವು ಕಡೆ ಕಾಯುತ್ತಾರೆ. ಸಿನಿಮಾದಲ್ಲಿ ಜೋನನ್ನು ಫ್ರೀಜರ್‌ನಲ್ಲಿ ಇಟ್ಟಿರುವುದು ಅದಕ್ಕೇ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ಯಾಟ್ರಿಕ್‌ನ ಫ್ರಿಜ್ ದೃಶ್ಯ ನೋಡಿ. ಅಪ್ಪ ಸತ್ತ ಮೇಲೆ ಹುಡುಗ ಅತ್ತಿಲ್ಲ. ಐಸ್ ಹಾಕಿ, ಬ್ಯಾಂಡು, ಇಬ್ಬರು ಗರ್ಲ್‌ಫ್ರೆಂಡ್‌ಗಳು, ಪಿಜ್ಜಾ, ಎಲ್ಲ ಮಾಮೂಲಿ. ರಾತ್ರಿ ಏನೋ ತಿನ್ನಲು ಫ್ರೀಜರ್ ಬಾಗಿಲು ತೆಗೆಯುತ್ತಾನೆ, ಒಳಗಿದ್ದ ಹೆಪ್ಪುಗಟ್ಟಿದ ಕೋಳಿಮಾಂಸದ ಪ್ಯಾಕೆಟ್‌ಗಳು ಕೆಳಗೆ ಬೀಳುತ್ತವೆ. ವಾಪಸ್ ತುರುಕಲು ಹೋಗುತ್ತಾನೆ, ಬಾಗಿಲು ಮುಚ್ಚುವುದಿಲ್ಲ, ತಲೆಗೆ ತಾಗುತ್ತದೆ. ಅಷ್ಟಕ್ಕೇ ಉಸಿರು ಕಟ್ಟಿ ನಡುಗುವುದಕ್ಕೆ ಶುರು. ಲೀಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ, ಕೋಣೆಯ ಬಾಗಿಲು ಒದ್ದು ಒಳಗೆ ಹೋಗಿ, ನೀನು ಸಮಾಧಾನ ಆಗುವವರೆಗೂ ಇಲ್ಲೇ ಕೂರುತ್ತೇನೆ ಅನ್ನುತ್ತಾನೆ. ಅಪ್ಪ ಫ್ರೀಜರ್‌ನಲ್ಲಿರುವುದು ನನಗೆ ಇಷ್ಟವಿಲ್ಲ ಅಂತ ಹುಡುಗ ಆ ಗಳಿಗೆಯಲ್ಲಿ ಹೇಳಿಬಿಡುತ್ತಾನೆ. ಥಿಯೇಟರ್‌ನಲ್ಲಿ ಜನ ಮೊದಲು ನಕ್ಕರು, ಆಮೇಲೆ ನಗು ನಿಂತುಹೋಯಿತು.

ಕೊನೆಸಾಲಿನ ಸೀಟು ಅವರೇ, ಲೀ ಹುಡುಗನಿಗೋಸ್ಕರ ಏನೂ ಮಾಡಲಿಲ್ಲ ಅಂದಿರಲ್ಲ, ಬಾಗಿಲು ಒದ್ದು ಒಳಗೆ ಹೋಗಿ ಕೂತದ್ದು ಏನು ಮತ್ತೆ?

ಕೊನೆಸಾಲಿನ ಸೀಟು:

ಕೂತ, ಒಪ್ಪಿದೆ. ಆದರೆ ಕೂರುವುದಕ್ಕೂ ಇರುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಪ್ಯಾಟ್ರಿಕ್‌ಗೆ ಬೇಕಾಗಿದ್ದು ಒಂದು ರಾತ್ರಿ ಅಲ್ಲ. ನಿಮ್ಮ ನೆಲ ಹೆಪ್ಪುಗಟ್ಟುವ ವಿಷಯ ಮಾತ್ರ ಗೊತ್ತಿರಲಿಲ್ಲ, ಆ ದೃಶ್ಯ ಈಗ ಬೇರೆ ಥರ ಕಾಣುತ್ತಿದೆ.

ನಂದಿಬಟ್ಟಲು:

ನಾನು ಆಸ್ಪತ್ರೆಯೊಂದರಲ್ಲಿ ಆಪ್ತಸಮಾಲೋಚಕಿ. ಮನೆಯವರನ್ನು ಕಳೆದುಕೊಂಡವರ ಜೊತೆ ಮಾತಾಡುವುದು ನನ್ನ ಕೆಲಸದ ದೊಡ್ಡ ಭಾಗ. ಹಾಗಾಗಿ ‘ಇದರಿಂದ ಏನು ಬಂತು’ ಅನ್ನುವ ದೂರಿಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ, ದಯವಿಟ್ಟು ಓದಿ.

ದುಃಖಕ್ಕೆ ಐದು ಹಂತ, ಕೊನೆಯದು ಒಪ್ಪಿಕೊಳ್ಳುವುದು ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅದನ್ನು ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಬರೆದದ್ದು ಸಾಯುತ್ತಿರುವ ರೋಗಿಗಳ ಬಗ್ಗೆ. ಸತ್ತವರ ಮನೆಯವರ ಬಗ್ಗೆ ಅಲ್ಲ. ಆಮೇಲೆ ಅದನ್ನು ಎಲ್ಲ ದುಃಖಕ್ಕೂ ಹಚ್ಚಿದರು. ಸಿನಿಮಾದವರಿಗೆ ಅದು ತುಂಬ ಅನುಕೂಲ, ಯಾಕೆಂದರೆ ಅದರಲ್ಲಿ ಶುರು, ನಡು, ಕೊನೆ ಎಲ್ಲ ಇದೆ. ವಿಮರ್ಶಕರೂ ಪ್ರೇಕ್ಷಕರೂ ಅದೇ ಅಳತೆ ಹಿಡಿದುಕೊಂಡು ಕೂರುತ್ತಾರೆ. ಪಾತ್ರ ಕೊನೆಗೆ ಅತ್ತು, ಯಾರನ್ನಾದರೂ ತಬ್ಬಿಕೊಂಡು, ಹಗುರಾಗದಿದ್ದರೆ ಸಿನಿಮಾ ಅರ್ಧಕ್ಕೆ ನಿಂತಿತು ಅನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 2022ರಲ್ಲಿ ದೀರ್ಘಕಾಲದ ದುಃಖದ ಕಾಯಿಲೆ ಅಂತ ಒಂದನ್ನು ಹೊಸದಾಗಿ ಸೇರಿಸಿದರು. ದೊಡ್ಡವರಲ್ಲಿ ಸಾವಾಗಿ ಕನಿಷ್ಠ ಹನ್ನೆರಡು ತಿಂಗಳು ಕಳೆದಿರಬೇಕು, ಆಮೇಲೂ ಹೆಚ್ಚುಕಮ್ಮಿ ದಿನವೂ ಅದೇ ತೀವ್ರತೆ ಇರಬೇಕು. ಅದರ ಸುತ್ತ ತುಂಬ ವಾದ ನಡೆಯಿತು, ದುಃಖವನ್ನು ಕಾಯಿಲೆ ಅನ್ನಬಹುದಾ ಅಂತ. ನನ್ನ ಅಭಿಪ್ರಾಯ ಕೇಳಿದರೆ, ಸಹಾಯ ಬೇಕಾದವರಿಗೆ ಸಹಾಯ ಸಿಗಲು ಅದು ಒಳ್ಳೆಯದೇ. ಆದರೆ ಅದನ್ನು ಹಿಡಿದುಕೊಂಡು ಲೀಗೆ ಹೀಗಾಗಿದೆ ಅಂತ ಚೀಟಿ ಅಂಟಿಸಿದರೆ ಸಿನಿಮಾ ಕೈತಪ್ಪಿಹೋಗುತ್ತದೆ.

ಯಾಕೆಂದರೆ ಲೀಗೆ ಇರುವುದು ದುಃಖ ಮಾತ್ರ ಅಲ್ಲ. ಅವನು ಶಿಕ್ಷೆಗಾಗಿ ಕಾಯುತ್ತಿದ್ದಾನೆ. ರಾತ್ರಿಪಾಳಿಯವರು ಠಾಣೆಯ ದೃಶ್ಯ ನಡುಮಧ್ಯ ಅಂದರಲ್ಲ, ನೂರಕ್ಕೆ ನೂರು ನಿಜ. ಕಾನೂನು ಅವನನ್ನು ಬಿಟ್ಟುಬಿಟ್ಟಿತು. ಆಮೇಲೆ ಬಾರ್‌ನಲ್ಲಿ ಯಾರ ಯಾರ ಜೊತೆಗೋ ಜಗಳ ತೆಗೆದು ಹೊಡೆಸಿಕೊಳ್ಳುತ್ತಾನೆ, ಕಿಟಕಿ ಗಾಜಿಗೆ ಕೈ ಗುದ್ದಿ ರಕ್ತ ಮಾಡಿಕೊಳ್ಳುತ್ತಾನೆ, ಒಂದೇ ಕೋಣೆಯಲ್ಲಿ ಬದುಕುತ್ತಾನೆ. ತಾನೇ ತನಗೆ ಜೈಲು ಕಟ್ಟಿಕೊಂಡಿದ್ದಾನೆ. ಇಂಥವರನ್ನು ನಾನು ಕೆಲಸದಲ್ಲಿ ನೋಡಿದ್ದೇನೆ. ನೀರಿನ ತೊಟ್ಟಿಯ ಮುಚ್ಚಳ ತೆರೆದಿಟ್ಟವರು, ಗಾಡಿ ರಿವರ್ಸ್ ತೆಗೆದವರು. ನಿಮ್ಮ ತಪ್ಪಲ್ಲ ಅನ್ನುವ ಮಾತು ಅವರಿಗೆ ಸಮಾಧಾನ ಕೊಡುವುದಿಲ್ಲ, ಕೆಲವೊಮ್ಮೆ ಇನ್ನಷ್ಟು ಒಂಟಿ ಮಾಡುತ್ತದೆ.

ಒಂದು ದೃಶ್ಯವನ್ನು ಹತ್ತಿರದಿಂದ ಹೇಳುತ್ತೇನೆ. ಲೀ ಒಲೆ ಮೇಲೆ ಸಾಸ್ ಇಟ್ಟು ಸೋಫಾದಲ್ಲಿ ನಿದ್ದೆ ಹೋಗಿರುತ್ತಾನೆ. ಕನಸಿನಲ್ಲಿ ಹೆಣ್ಣುಮಕ್ಕಳು ಬಂದು, ಅಪ್ಪಾ, ನಾವು ಉರಿಯುತ್ತಿರುವುದು ನಿನಗೆ ಕಾಣುತ್ತಿಲ್ಲವಾ ಅಂತ ಕೇಳುತ್ತಾರೆ. ಇವನು, ಇಲ್ಲ ಕಂದಾ, ನೀವು ಉರಿಯುತ್ತಿಲ್ಲ ಅನ್ನುತ್ತಾನೆ. ಎಚ್ಚರವಾದರೆ ಮನೆ ತುಂಬ ಹೊಗೆ, ಪಾತ್ರೆ ಸೀದುಹೋಗಿದೆ, ಅಲಾರಂ ಹೊಡೆದುಕೊಳ್ಳುತ್ತಿದೆ. ಈ ಕನಸು, ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಬರೆದ ಕನಸುಗಳ ಪುಸ್ತಕದಲ್ಲಿದೆ. ಸತ್ತ ಮಗನ ಹೆಣದ ಪಕ್ಕದ ಕೋಣೆಯಲ್ಲಿ ಮಲಗಿದ ಒಬ್ಬ ಅಪ್ಪನಿಗೆ ಮಗ ಬಂದು ಇದೇ ಮಾತು ಕೇಳುತ್ತಾನೆ, ಎದ್ದು ನೋಡಿದರೆ ಮೇಣದ ಬತ್ತಿ ಬಿದ್ದು ಹೆಣದ ಬಟ್ಟೆಗೆ ಬೆಂಕಿ ಹತ್ತಿರುತ್ತದೆ. ಆ ಪುಸ್ತಕ ಓದದವರಿಗೂ ಸಿನಿಮಾದ ದೃಶ್ಯ ಅಷ್ಟೇ ನೇರವಾಗಿ ತಾಗುತ್ತದೆ, ಅದು ಲೊನರ್ಗನ್‌ನ ಹೆಚ್ಚುಗಾರಿಕೆ.

ಈಗ ಗಮನಿಸಿ. ಈ ಕನಸಿನ ನಂತರವೇ ಲೀ ಪ್ಯಾಟ್ರಿಕ್‌ಗೆ ಬೇರೆ ವ್ಯವಸ್ಥೆ ಮಾಡಲು ಹೊರಡುತ್ತಾನೆ. ಕುಟುಂಬದ ಗೆಳೆಯ ಜಾರ್ಜ್ ಮತ್ತು ಅವನ ಹೆಂಡತಿ ಹುಡುಗನನ್ನು ದತ್ತು ತೆಗೆದುಕೊಳ್ಳುವ ಹಾಗೆ ಮಾತಾಡಿ ಒಪ್ಪಿಸುತ್ತಾನೆ. ಅವನು ಓಡಿಹೋದ ಅಂತ ನೀವು ಓದಿಕೊಂಡಿರಿ. ತಾನು ಇರುವ ಮನೆಯಲ್ಲಿ ಮತ್ತೊಂದು ಮಗು ಇರುವುದು ಅಪಾಯ ಅಂತ ಅವನು ಮನಸಾರೆ ನಂಬಿದ್ದಾನೆ ಅಂತ ನಾನು ಓದಿಕೊಂಡೆ. ನಂಬಿಕೆ ಸರಿಯೋ ತಪ್ಪೋ ಬೇರೆ ಮಾತು, ಆದರೆ ಹುಡುಗನಿಗೆ ಊರು, ಶಾಲೆ, ಗೆಳೆಯರು, ಅಪ್ಪನ ದೋಣಿ ಯಾವುದೂ ತಪ್ಪದ ಹಾಗೆ ನೋಡಿಕೊಂಡೇ ಅವನು ಹೊರಡುತ್ತಾನೆ. ಇದಕ್ಕೆ ಪ್ರೀತಿ ಅಂತಲ್ಲದೆ ಇನ್ನೇನು ಅನ್ನಬೇಕು?

ಧಾರವಾಡದ ಓದುಗ:

ನಂದಿಬಟ್ಟಲು ಮೇಡಂ ಹೇಳಿದ್ದಕ್ಕೆ ಸಿನಿಮಾ ಚರಿತ್ರೆ ಕಡೆಯಿಂದ ಒಂದು ಜೋಡಿಸುತ್ತೇನೆ.

ದುಃಖದ ಕುಟುಂಬಚಿತ್ರ ಅಂದರೆ ಅಮೆರಿಕದಲ್ಲಿ ತುಂಬ ವರ್ಷ ಮಾದರಿಯಾಗಿದ್ದದ್ದು 1980ರ ‘ಆರ್ಡಿನರಿ ಪೀಪಲ್’. ರಾಬರ್ಟ್ ರೆಡ್‌ಫೋರ್ಡ್ ನಿರ್ದೇಶನ ಮಾಡಿದ ಮೊದಲ ಚಿತ್ರ. ಜೂಡಿತ್ ಗೆಸ್ಟ್ ಅವರ 1976ರ ಕಾದಂಬರಿ ಆಧಾರ. ದೋಣಿ ಮಗುಚಿ ದೊಡ್ಡ ಮಗ ಸತ್ತಿದ್ದಾನೆ, ಬದುಕುಳಿದ ಚಿಕ್ಕವನು ಸಾಯಲು ಹೋಗಿ ಆಸ್ಪತ್ರೆಯಿಂದ ಬಂದಿದ್ದಾನೆ, ತಾಯಿ ಅವನನ್ನು ಮುಟ್ಟುವುದೂ ಇಲ್ಲ. ಒಂದು ರಾತ್ರಿ ಮನೋವೈದ್ಯರ ಕೋಣೆಯಲ್ಲಿ ಹುಡುಗನ ಒಳಗಿದ್ದದ್ದೆಲ್ಲ ಹೊರಬರುತ್ತದೆ, ಅಲ್ಲಿಂದ ಅವನು ಚೇತರಿಸಿಕೊಳ್ಳುತ್ತಾನೆ. ಅತ್ಯುತ್ತಮ ಚಿತ್ರ, ನಿರ್ದೇಶನ ಸೇರಿ ನಾಲ್ಕು ಆಸ್ಕರ್. ಹುಡುಗನ ಪಾತ್ರ ಮಾಡಿದ ಟಿಮೊತಿ ಹಟನ್‌ಗೆ ಆಗ ಇಪ್ಪತ್ತೇ ವರ್ಷ. ಅದೇ ವರ್ಷ ಸ್ಕಾರ್ಸೆಸಿಯ ‘ರೇಜಿಂಗ್ ಬುಲ್’ ಸೋತಿತು ಅನ್ನುವ ಸಿಟ್ಟಿನಲ್ಲಿ ಆಮೇಲಿನ ತಲೆಮಾರಿನ ವಿಮರ್ಶಕರು ಈ ಚಿತ್ರವನ್ನು ಬಹಳ ಹೀನಾಯವಾಗಿ ಕಂಡರು. ಅನ್ಯಾಯ ಅಂತ ನನ್ನ ಅನಿಸಿಕೆ, ನಟನೆ ಇವತ್ತಿಗೂ ಗಟ್ಟಿ.

ಆದರೆ ಆ ಚಿತ್ರಕ್ಕೆ ಬಂದ ಒಂದು ಟೀಕೆ ಮಾತ್ರ ನಿಲ್ಲುವಂಥದ್ದು. ಮೇರಿ ಟೈಲರ್ ಮೂರ್ ಮಾಡಿದ ತಾಯಿ ಪಾತ್ರ. ಅವಳು ಅಳುವುದಿಲ್ಲ, ಮನೆ ಓರಣವಾಗಿ ಇಡುತ್ತಾಳೆ, ಮೇಜಿನ ಮೇಲೆ ನ್ಯಾಪ್ಕಿನ್ ಜೋಡಿಸುತ್ತಾಳೆ, ಕೊನೆಗೆ ಸೂಟ್‌ಕೇಸ್ ಹಿಡಿದು ಹೊರಟುಹೋಗುತ್ತಾಳೆ. ಅಪ್ಪ ಮಗ ತಬ್ಬಿಕೊಳ್ಳುತ್ತಾರೆ. ಅವಳದೂ ದುಃಖವೇ, ಬೇರೆ ಥರದ್ದು ಅಷ್ಟೆ, ಸಿನಿಮಾ ಅದನ್ನು ತಣ್ಣನೆ ಎದೆ ಅಂತ ಓದಿಕೊಂಡು ಅವಳನ್ನು ಹೊರಗೆ ಕಳಿಸಿತು. ಅಲ್ಲಿ ಅವಳು ಮಾಡಿದ್ದನ್ನೇ ಇಲ್ಲಿ ಲೀ ಮಾಡುತ್ತಾನೆ. ಮಾತಾಡುವುದಿಲ್ಲ, ಮುಟ್ಟುವುದಿಲ್ಲ, ಬಿಟ್ಟು ಹೊರಡುತ್ತಾನೆ. ಆದರೆ ಇಲ್ಲಿ ಅದಕ್ಕೆ ಅನುಕಂಪ, ಆಸ್ಕರ್. ಗಂಡಸು ಮೌನವಾಗಿದ್ದರೆ ಆಳ, ಹೆಂಗಸು ಮೌನವಾಗಿದ್ದರೆ ಕಲ್ಲು. ಹೊಗಳಿದ ವಿಮರ್ಶಕರಲ್ಲಿ ಬಹಳ ಮಂದಿ ಇದನ್ನು ಕೇಳಲೇ ಇಲ್ಲ ಅನ್ನುವುದು ನನ್ನ ತಕರಾರು.

ತುಂಗಾತೀರ:

ಧಾರವಾಡದ ಓದುಗರೇ, ನಾನು ಬರೆಯಬೇಕು ಅಂತಿದ್ದ ಜಾಗಕ್ಕೇ ಬಂದಿರಿ. ಲೀಯ ಕೊನೆ ಬಗ್ಗೆ ನನಗೆ ದೂರಿಲ್ಲ. ರ‍್ಯಾಂಡಿಯ ಬಗ್ಗೆ ಇದೆ.

ಮೂರು ಮಕ್ಕಳು ಹೋದದ್ದು ಲೀಗೆ ಮಾತ್ರ ಅಲ್ಲ. ಅವಳು ಆ ಮನೆಯ ಒಳಗಿದ್ದವಳು. ಬೆಂಕಿಯಿಂದ ಅವಳನ್ನು ಎಳೆದು ತಂದರು, ಮಕ್ಕಳನ್ನು ತರಲಾಗಲಿಲ್ಲ, ಅದನ್ನು ಹೊತ್ತುಕೊಂಡು ಅವಳು ಅದೇ ಊರಲ್ಲಿ, ಅದೇ ಬೀದಿಗಳಲ್ಲಿ ಬದುಕಿದ್ದಾಳೆ. ಮತ್ತೆ ಮದುವೆಯಾಗಿದ್ದಾಳೆ, ಮತ್ತೆ ಹೆತ್ತಿದ್ದಾಳೆ. ಅದು ಹೇಗಾಯಿತು? ಮೊದಲ ಸಲ ಪುಟ್ಟ ಕೂಸನ್ನು ಮನೆಗೆ ತಂದ ರಾತ್ರಿ ಅವಳಿಗೆ ನಿದ್ದೆ ಬಂತಾ? ಸಿನಿಮಾ ಒಂದನ್ನೂ ಹೇಳುವುದಿಲ್ಲ. ಅವಳಿಗೆ ಸಿಕ್ಕಿರುವುದು ಕೆಲವೇ ದೃಶ್ಯ. ಮಿಷೆಲ್ ವಿಲಿಯಮ್ಸ್ ಅಷ್ಟರಲ್ಲೇ ಆಸ್ಕರ್ ನಾಮಿನೇಶನ್ ತಂದರು ಅಂತ ಎಲ್ಲರೂ ಮೆಚ್ಚುಗೆಯಿಂದ ಬರೆದರು. ಅಷ್ಟರಲ್ಲೇ ಯಾಕೆ ಮಾಡಬೇಕಾಯಿತು ಅಂತ ಕೇಳಿದವರು ಕಡಿಮೆ.

ರಸ್ತೆ ಬದಿಯ ಆ ಭೇಟಿ ಎಲ್ಲರಿಗೂ ನೆನಪಿರುತ್ತದೆ. ತಳ್ಳುಗಾಡಿಯಲ್ಲಿ ಹೊಸ ಮಗು, ಜೊತೆಗೊಬ್ಬ ಗೆಳತಿ. ಅವಳನ್ನು ಸ್ವಲ್ಪ ಮುಂದೆ ಕಳಿಸಿ ಇವಳು ಲೀ ಹತ್ತಿರ ನಿಲ್ಲುತ್ತಾಳೆ. ನಿನಗೆ ಏನೇನೋ ಅಂದುಬಿಟ್ಟೆ, ಅದಕ್ಕೆ ನಾನು ನರಕಕ್ಕೆ ಹೋಗಬೇಕು, ನನ್ನ ಎದೆ ಒಡೆದಿತ್ತು, ಈಗಲೂ ಒಡೆದೇ ಇದೆ ಅನ್ನುತ್ತಾಳೆ. ಊಟಕ್ಕೆ ಎಂದಾದರೂ ಸಿಗೋಣವಾ ಅಂತ ಕೇಳುತ್ತಾಳೆ. ಇಬ್ಬರ ಮಾತೂ ಒಂದರ ಮೇಲೊಂದು ಬೀಳುತ್ತದೆ, ಒಂದು ವಾಕ್ಯವೂ ಪೂರ್ತಿ ಆಗುವುದಿಲ್ಲ. ಲೊನರ್ಗನ್ ನಾಟಕ ಬರೆದು ಬಂದವರು, ಮಾತು ಮುರಿಯುವುದು ಅವರಿಗೆ ಕರಗತ. ಬರವಣಿಗೆ ಎಷ್ಟು ಚೆನ್ನಾಗಿದೆ ಅಂದರೆ, ಇದು ಕೂಡ ಲೀ ಏನು ತಡೆದುಕೊಳ್ಳಬಲ್ಲ ಅಂತ ನೋಡುವುದಕ್ಕೆ ಇಟ್ಟ ದೃಶ್ಯ ಅನ್ನುವುದು ಮೊದಲ ಸಲಕ್ಕೆ ಗೊತ್ತೇ ಆಗುವುದಿಲ್ಲ. ಅವಳು ಅಳುತ್ತಾಳೆ, ಕ್ಯಾಮೆರಾ ಅವನ ಜೊತೆ ಹೊರಟುಹೋಗುತ್ತದೆ.

ಬೇರೆ ಹೆಂಗಸರನ್ನು ನೋಡಿ. ಪ್ಯಾಟ್ರಿಕ್‌ನ ತಾಯಿ ಎಲಿಸ್ ಕುಡುಕಿ, ಈಗ ಕುಡಿತ ಬಿಟ್ಟು ದೇವರ ದಾರಿ ಹಿಡಿದಿದ್ದಾಳೆ. ಮಗ ಊಟಕ್ಕೆ ಹೋದಾಗ ಅವಳ ಕೈ ನಡುಗುತ್ತದೆ, ಅಡುಗೆಮನೆಗೆ ಹೋದವಳು ತುಂಬ ಹೊತ್ತು ವಾಪಸ್ ಬರುವುದಿಲ್ಲ. ಅದೊಂದೇ ದೃಶ್ಯದಲ್ಲಿ ಒಂದು ಇಡೀ ಸಿನಿಮಾ ಇದೆ. ಆದರೆ ಆಮೇಲೆ ಅವಳ ಬದಲು ಅವಳನ್ನು ಮದುವೆಯಾಗುವವನ ಒಂದು ಇಮೇಲ್ ಬರುತ್ತದೆ, ಅಲ್ಲಿಗೆ ಅವಳ ಕಥೆ ಮುಗಿಯಿತು. ಇದು ಬರೀ ಲೀಯ ಕಥೆ, ಅವನ ಕಣ್ಣಿಂದಲೇ ನೋಡಬೇಕು ಅನ್ನುವವರು ಇದ್ದಾರೆ. ಹಾಗಾದರೆ ಪ್ಯಾಟ್ರಿಕ್‌ನ ಗರ್ಲ್‌ಫ್ರೆಂಡ್ ಮನೆ, ಬ್ಯಾಂಡ್ ಪ್ರಾಕ್ಟೀಸು, ಹಾಕಿ ಮೈದಾನ ಎಲ್ಲದಕ್ಕೂ ಸಮಯ ಹೇಗೆ ಸಿಕ್ಕಿತು?

ರಾತ್ರಿಪಾಳಿ:

ತುಂಗಾತೀರ ಅವರ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಂದು ಮಾತ್ರ ಹೇಳಬಲ್ಲೆ. ಪ್ಯಾಟ್ರಿಕ್‌ನ ಗಲಾಟೆಗಳನ್ನೆಲ್ಲ ತೆಗೆದುಬಿಟ್ಟಿದ್ದರೆ ಈ ಸಿನಿಮಾ ನೋಡಲಾಗದಷ್ಟು ಭಾರ ಆಗುತ್ತಿತ್ತು. ಚಿಕ್ಕಪ್ಪ, ಮಗ ಇಬ್ಬರೂ ಕಾರು ಎಲ್ಲಿ ನಿಲ್ಲಿಸಿದ್ದೆವು ಅಂತ ಮರೆತು ಚಳಿಯಲ್ಲಿ ಕಿತ್ತಾಡುತ್ತಾ ನಡೆಯುತ್ತಾರಲ್ಲ, ಸಾವಿನ ಮನೆಯಲ್ಲಿ ಜಗಳ ಆಗುವುದು ಇಂಥದ್ದಕ್ಕೇ. ಪ್ಯಾಟ್ರಿಕ್ ಪಾತ್ರವನ್ನು ಲೂಕಸ್ ಹೆಜಸ್ ಆ ವಯಸ್ಸಿಗೆ ಅಷ್ಟು ಸಲೀಸಾಗಿ ಮಾಡಿದ್ದಾನೆ. ಕೆಲವರು ಈ ನಗುವನ್ನೂ ಆಕ್ಷೇಪಿಸಿದರು, ದುಃಖದ ಗಾಂಭೀರ್ಯ ಕೆಡುತ್ತದೆ ಅಂತ. ಅದನ್ನು ಮಾತ್ರ ನಾನು ಒಪ್ಪುವುದೇ ಇಲ್ಲ. ಸಾವಾದ ಮನೆಯಲ್ಲಿ ಕಾಫಿಗೆ ಸಕ್ಕರೆ ಕಡಿಮೆಯಾಯಿತು ಅಂತಲೂ ಮಾತು ಬರುತ್ತದೆ, ಯಾರೋ ಹಳೇ ತಮಾಷೆ ನೆನೆದು ನಗುತ್ತಾರೆ, ಆಮೇಲೆ ಮತ್ತೆ ಅಳುತ್ತಾರೆ.

ಕೊನೆಸಾಲಿನ ಸೀಟು:

ಎಲ್ಲರಿಗೂ ಥ್ಯಾಂಕ್ಸ್. ನಂದಿಬಟ್ಟಲು ಅವರ ಮಾತು ಓದಿದ ಮೇಲೆ ಕೊನೆಯ ಅರ್ಧ ಗಂಟೆ ಮತ್ತೆ ಹಾಕಿಕೊಂಡು ನೋಡಿದೆ. ಕನಸು ಆದಮೇಲೆ ದತ್ತು ವಿಚಾರ, ನಿಜ, ಆ ಸಾಲಿನಲ್ಲೇ ಬರುತ್ತದೆ. ಅದು ಆಕಸ್ಮಿಕ ಅಲ್ಲ. ಪ್ಯಾಟ್ರಿಕ್ ಲೀ ಕೋಣೆಗೆ ಹೋಗಿ ಮೂರು ಫೋಟೊ ಫ್ರೇಮ್‌ಗಳನ್ನು ನೋಡುವುದೂ ಇದೆ. ಫೋಟೊದಲ್ಲಿ ಏನಿದೆ ಅಂತ ನಮಗೆ ತೋರಿಸುವುದೇ ಇಲ್ಲ, ಹುಡುಗನ ಮುಖ ಅಷ್ಟೇ. ಅದಾದ ಮೇಲೆ ಅವನು ಚಿಕ್ಕಪ್ಪನ ಜೊತೆ ಮಾತಾಡುವ ರೀತಿ ಮೆತ್ತಗಾಗುತ್ತದೆ. ಅಂದರೆ ಹುಡುಗನಿಗೆ ಅರ್ಥವಾಗಿದೆ. ನನಗೆ ಮೊದಲ ಸಲ ಇದು ಕಾಣಿಸಿರಲಿಲ್ಲ.

ಆದರೂ ಒಂದು ಉಳಿಯುತ್ತದೆ. ಎಷ್ಟು ಅರ್ಥವಾದರೂ ಹದಿನಾರರ ಹುಡುಗನಿಗೆ ಇದು ಎರಡನೇ ಸಲ ಅಪ್ಪನನ್ನು ಕಳೆದುಕೊಂಡ ಹಾಗೆ. ವಿಮರ್ಶೆಗಳಲ್ಲಿ ಲೀ, ಲೀ, ಲೀ ಅಂತಲೇ ಇದೆ, ಹುಡುಗನ ಕಡೆಯಿಂದ ಈ ಕೊನೆಯನ್ನು ಯಾರಾದರೂ ನೋಡಿದ್ದಾರಾ?

ನಂದಿಬಟ್ಟಲು:

ನೋಡಬೇಕು, ನೀವು ಹೇಳಿದ್ದು ಸರಿ. ಆದರೆ ಅವನು ಪೂರ್ತಿ ಕಳೆದುಕೊಳ್ಳುವುದಿಲ್ಲ. ಲೀ ಬಾಸ್ಟನ್‌ನಲ್ಲಿ ಮನೆ ಹುಡುಕುತ್ತಿರುವ ವಿಷಯ ಬರುತ್ತದಲ್ಲ, ಒಂದು ಕೋಣೆ ಜಾಸ್ತಿ ಇರುವ ಮನೆ ಬೇಕು ಅನ್ನುತ್ತಾನೆ. ಯಾಕೆ ಅಂತ ಪ್ಯಾಟ್ರಿಕ್ ಕೇಳಿದರೆ, ನೀನು ಯಾವತ್ತಾದರೂ ಬಂದರೆ ಇರಲಿ ಅಂತ. ನೆಲಮಾಳಿಗೆಯ ಒಂದೇ ಕೋಣೆಯಲ್ಲಿ ತನ್ನನ್ನು ಕೂಡಿಹಾಕಿಕೊಂಡಿದ್ದ ಮನುಷ್ಯ ಇವನು. ಏನೂ ಬದಲಾಗಲಿಲ್ಲ ಅಂತ ಬರೆದವರು ಆ ಮಾತನ್ನು ಕೇಳಿಸಿಕೊಂಡಿಲ್ಲ.

ತುಂಗಾತೀರ:

ಆ ಕೋಣೆಯ ಮಾತು ನನಗೂ ತುಂಬ ಇಷ್ಟ. ಲೀಗೆ ಒಂದು ಕೋಣೆ ಸಿಕ್ಕಿತು, ಪ್ಯಾಟ್ರಿಕ್‌ಗೆ ಒಂದು ಮನೆ ಸಿಕ್ಕಿತು, ಅದು ಸರಿಯಾಗಿಯೇ ಇದೆ. ರ‍್ಯಾಂಡಿಯನ್ನು ರಸ್ತೆಯಲ್ಲಿ ಬಿಟ್ಟು ಬಂದದ್ದು ಮಾತ್ರ ಸರಿಯಲ್ಲ, ಈ ಸಿನಿಮಾ ಇಷ್ಟು ಒಳ್ಳೆಯದಾಗಿರುವುದರಿಂದಲೇ ಅದು ಜಾಸ್ತಿ ಚುಚ್ಚುತ್ತದೆ.